ನಿಫ್ಟ್ ಸೀಟಾಯಿತು, ರೂಮು ಎಲ್ಲಿ? ಮಲೆನಾಡಿನ ಮನೆಗಳಿಗೊಂದು ಹೋಲಿಕೆ

ಮಳೆ ಹಿಡಿಯುವ ಹೊತ್ತಿಗೆ ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಒಂದೇ ಥರದ ಫೋನು ಶುರುವಾಗುತ್ತದೆ. "ಮಗಳಿಗೆ ಬೆಂಗಳೂರು ನಿಫ್ಟಲ್ಲಿ ಸೀಟಾಗಿದೆ ಮಾರಾಯ್ತಿ, ಎಲ್ಲಿ ಬಿಡೋದು?" ನಿಫ್ಟ್ ಅಂದರೆ ಫ್ಯಾಷನ್ ಓದಿಸುವ ಸರ್ಕಾರಿ ಸಂಸ್ಥೆ, ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಫ್ಯಾಷನ್ ಟೆಕ್ನಾಲಜಿ. ಅಕ್ಕನ ಮಗಳಿಗೆ ರೂಮು ಹುಡುಕಿಕೊಟ್ಟವಳು ಅನ್ನುವ ಒಂದೇ ಕಾರಣಕ್ಕೆ ಶಿವಮೊಗ್ಗದಲ್ಲಿ ಕೂತಿರುವ ನಾನು ಈ ವಿಷಯಕ್ಕೆ ತಜ್ಞೆಯಾಗಿಬಿಟ್ಟಿದ್ದೇನೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವುದನ್ನು ಒಂದು ಕಡೆ ಬರೆದಿಟ್ಟರೆ ಅವರಿಗೂ ಅನುಕೂಲ, ನನಗೂ ಅನುಕೂಲ.

ಎಲ್ಲರಿಗೂ ಮೊದಲು ಹೇಳುವ ಮಾತು ಇದು: ಪಕ್ಕದ ಮನೆ ಹುಡುಗ ಇಂಜಿನಿಯರಿಂಗ್‌ಗೆ ಹೋದಾಗ ರೂಮು ಹುಡುಕಿದ ಲೆಕ್ಕವನ್ನು ಇಲ್ಲಿ ತರಬೇಡಿ. ಅವನಿಗೆ ಒಂದು ಮಂಚ, ಒಂದು ಟೇಬಲ್, ವೈಫೈ ಇದ್ದರೆ ಮುಗಿಯಿತು. ಫ್ಯಾಷನ್ ಓದುವವರಿಗೆ ರೂಮೇ ಅರ್ಧ ವರ್ಕ್‌ಶಾಪು. ಬಟ್ಟೆ ಹರಡಬೇಕು, ಪೇಪರ್ ಪ್ಯಾಟರ್ನ್ ಕತ್ತರಿಸಬೇಕು, ಇಸ್ತ್ರಿ ಹಾಕಬೇಕು, ಸಬ್‌ಮಿಷನ್ ಹಿಂದಿನ ರಾತ್ರಿ ಎರಡು ಗಂಟೆಗೆ ಹೊಲಿಗೆ ಬಿಚ್ಚಿ ಮತ್ತೆ ಹಾಕಬೇಕು. ಹಾಗಾಗಿ ನಾನು ಬಾಡಿಗೆಗಿಂತ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ನೆಲ ಎಷ್ಟಿದೆ? ರಾತ್ರಿ ಏನು ನಿಯಮ?

ಮೊದಲು ಜಾಗದ ಪರಿಚಯ. ಬೆಂಗಳೂರಿನ ನಿಫ್ಟ್ ಇರುವುದು ಎಚ್‌ಎಸ್‌ಆರ್ ಬಡಾವಣೆಯ 1ನೇ ಸೆಕ್ಟರಿನಲ್ಲಿ, 27ನೇ ಮುಖ್ಯರಸ್ತೆಯ ಮೇಲೆ. ಸಂಸ್ಥೆ ದೆಹಲಿಯಲ್ಲಿ ಶುರುವಾದದ್ದು 1986ರಲ್ಲಿ, ಕೇಂದ್ರ ಜವಳಿ ಸಚಿವಾಲಯದ ಅಡಿಯಲ್ಲಿ. ಬೆಂಗಳೂರಿಗೆ ಬಂದದ್ದು 1997ರಲ್ಲಿ. ಹೊಸೂರು ರಸ್ತೆ, ಸರ್ಜಾಪುರ ರಸ್ತೆ ಎರಡರ ನಡುವಿನ ಬಡಾವಣೆ ಅದು, ಹೆಸರು ಬಂದದ್ದೂ ಹಾಗೇ. ನಮ್ಮ ಕಡೆಯವರಿಗೆ ಬೆಂಗಳೂರು ಎಂದರೆ ಯಶವಂತಪುರ, ಮೆಜೆಸ್ಟಿಕ್, ಮಲ್ಲೇಶ್ವರ. ಇದು ಅದರ ತದ್ವಿರುದ್ಧ ಮೂಲೆ. ತುಮಕೂರು ರಸ್ತೆಯಿಂದ ಊರೊಳಗೆ ಬರುವ ನಾವು ಇಡೀ ಊರನ್ನು ದಾಟಿ ಆ ಕಡೆಗೆ ಹೋಗಬೇಕು.

ಸದ್ಯ ಮೆಟ್ರೊ ಬಂದು ಈ ಕಷ್ಟ ಅರ್ಧ ಕಡಿಮೆಯಾಗಿದೆ. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ ಶುರುವಾಯಿತು. ಶಿವಮೊಗ್ಗದ ರೈಲಿನಲ್ಲಿ ಬಂದು ಯಶವಂತಪುರದಲ್ಲೋ ಮೆಜೆಸ್ಟಿಕ್‌ನಲ್ಲೋ ಇಳಿದರೆ ಎರಡು ಕಡೆಯೂ ಹಸಿರು ಮಾರ್ಗದ ನಿಲ್ದಾಣ ಇದೆ. ಅಲ್ಲಿಂದ ಆರ್.ವಿ. ರಸ್ತೆ, ಅಲ್ಲಿ ಹಳದಿಗೆ ಬದಲಾಯಿಸಿ ಸೆಂಟ್ರಲ್ ಸಿಲ್ಕ್ ಬೋರ್ಡ್, ಮತ್ತೆ ಅಲ್ಲಿಂದ ಆಟೊ ಇಲ್ಲವೇ ಬಸ್ಸು. ಮೊದಲ ದಿನ ಟ್ರಂಕು, ಹಾಸಿಗೆ, ಉಪ್ಪಿನಕಾಯಿ ಭರಣಿ ಎಲ್ಲ ಇರುವಾಗ ಮಾತ್ರ ಈ ಸಾಹಸ ಬೇಡ. ಕಾರು ಮಾಡಿಕೊಂಡೇ ಹೋಗಿ.

ಟೇಪು ಕೈಯಲ್ಲಿರಲಿ

ರೂಮು ನೋಡಲು ಹೋಗುವಾಗ ಟೈಲರ್ ಟೇಪು ಬೇಡ, ಬಡಗಿಯವರ ಸ್ಟೀಲ್ ಟೇಪು ಇಟ್ಟುಕೊಳ್ಳಿ. ಅಂಗಡಿಯಲ್ಲಿ ಸಿಗುವ ಬಟ್ಟೆಯ ಪನ್ನ, ಅಂದರೆ ಅಗಲ, ಸಾಮಾನ್ಯವಾಗಿ 44 ಇಂಚು, ಕೆಲವು 58 ಇಂಚು. ಪಾದದವರೆಗಿನ ಒಂದು ಲಂಗವನ್ನು ಕತ್ತರಿಸಬೇಕೆಂದರೂ ಸುಮಾರು ನಾಲ್ಕಡಿ ಅಗಲ, ಏಳಡಿ ಉದ್ದದ ಖಾಲಿ ಜಾಗ ಬೇಕು. ನೆಲವಾದರೂ ಸರಿ, ಮೇಜಾದರೂ ಸರಿ. ಇಬ್ಬರ ಶೇರಿಂಗ್ ರೂಮುಗಳಲ್ಲಿ ಎರಡು ಮಂಚದ ನಡುವೆ ಉಳಿಯುವುದು ಎರಡು, ಎರಡೂವರೆ ಅಡಿಯ ಓಣಿ. ಅದರಲ್ಲಿ ಮಸ್ಲಿನ್ (ಮೊದಲು ಹೊಲಿದು ನೋಡುವ ಹತ್ತಿ ಬಟ್ಟೆ) ಹರಡಿದರೆ ಒಂದು ಅಂಚು ಮಂಚದ ಕೆಳಗೆ ಹೋಗುತ್ತದೆ, ಇನ್ನೊಂದು ಅಂಚಿನ ಮೇಲೆ ರೂಮ್‌ಮೇಟ್ ಚಪ್ಪಲಿ. ನಮ್ಮ ಹುಡುಗಿ ಮೊದಲ ಸೆಮಿಸ್ಟರಿನಲ್ಲಿ ಹಾಸಿಗೆಯನ್ನು ಗೋಡೆಗೆ ಎತ್ತಿ ನಿಲ್ಲಿಸಿ, ಮಂಚದ ಪ್ಲೈವುಡ್ಡನ್ನೇ ಕಟಿಂಗ್ ಟೇಬಲ್ ಮಾಡಿಕೊಂಡಿದ್ದಳು. ಬೆನ್ನು ಬಗ್ಗಿಸಿ ಕೆಲಸ ಮಾಡಿ ಮಾಡಿ ಸೊಂಟ ಹಿಡಿದುಕೊಂಡಿತು ಅನ್ನುವುದು ಬೇರೆ ಮಾತು.

ಇನ್ನೊಂದು ಅಳತೆ ಬಾಗಿಲ ಹೊರಗೆ. ಅರ್ಧ ಆಳುದ್ದದ ಡ್ರಾಯಿಂಗ್ ಶೀಟು, ಪೋರ್ಟ್‌ಫೋಲಿಯೊ ಬ್ಯಾಗು, ಥರ್ಮಾಕೋಲ್ ಮಾದರಿ ಹಿಡಿದು ದಿನಾ ನಡೆಯುವ ದೂರ ಎಷ್ಟು ಎಂದು ನೋಡಿ. ಮ್ಯಾಪಿನಲ್ಲಿ ಐದು ಕಿಲೋಮೀಟರ್ ಏನೂ ಅನ್ನಿಸುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ, ತುಂಬಿದ ಬಸ್ಸಿನಲ್ಲಿ, ಮಡಿಚಬಾರದ ಒಂದು ಕಾಗದ ಹಿಡಿದು ನಿಂತಾಗ ಅನ್ನಿಸುತ್ತದೆ. ಡ್ರೆಸ್ ಫಾರ್ಮ್, ಅಂದರೆ ಬಟ್ಟೆ ತೊಡಿಸಿ ನೋಡುವ ಗೊಂಬೆ, ಒಂದಿದ್ದರಂತೂ ಆಟೊ ಬಿಟ್ಟರೆ ಬೇರೆ ದಾರಿಯಿಲ್ಲ.

ಕ್ಯಾಂಪಸ್ ಹಾಸ್ಟೆಲ್

ಹುಡುಗಿಯರಿಗೆ ಕ್ಯಾಂಪಸ್ಸಿನಲ್ಲೇ ಹಾಸ್ಟೆಲ್ ಇದೆ. ಸಿಕ್ಕರೆ ಮೊದಲ ವರ್ಷಕ್ಕೆ ಕಣ್ಣು ಮುಚ್ಚಿ ಹಾಕಿ. ಸ್ಟುಡಿಯೊ, ಮಿಷನ್, ಲೈಬ್ರರಿ ಎಲ್ಲ ನಡಿಗೆಯಲ್ಲಿ. ಸೀನಿಯರ್‌ಗಳು ಕೈಗೆ ಸಿಗುತ್ತಾರೆ, ಯಾವ ಅಂಗಡಿಯಲ್ಲಿ ಝಿಪ್ಪು ಅಗ್ಗ ಎಂಬುದರಿಂದ ಹಿಡಿದು ಯಾವ ಅಸೈನ್‌ಮೆಂಟಿಗೆ ತಲೆ ಕೆಡಿಸಿಕೊಳ್ಳಬಾರದು ಎಂಬುದರವರೆಗೆ ಹೇಳಿಕೊಡುತ್ತಾರೆ. ಆರಂಭದಲ್ಲಿ ಡಿಸೈನ್ ವಿದ್ಯಾರ್ಥಿಗಳಿಗೆಲ್ಲ ಫೌಂಡೇಶನ್ ಪಾಠಗಳಿರುವುದರಿಂದ ಚಿತ್ರ, ಮಾದರಿ, ವಸ್ತುಗಳ ಪರಿಚಯವೇ ಹೆಚ್ಚು. ಸ್ವಂತ ಮಿಷನ್ ತಕ್ಷಣ ಬೇಕಾಗುವುದಿಲ್ಲ. ಜಾಗ ಕಡಿಮೆಯಿದ್ದರೂ ಆ ವರ್ಷ ನಡೆಯುತ್ತದೆ.

ಹಾಸ್ಟೆಲ್ ಸೀಟು ಇಡೀ ಬ್ಯಾಚಿಗೆ ಸಾಲುವಷ್ಟು ಇರುವುದಿಲ್ಲ. ಅಡ್ಮಿಷನ್ ದಾಖಲೆ ಕೊಡುವ ದಿನವೇ ಹಾಸ್ಟೆಲ್ ಅರ್ಜಿಯನ್ನೂ ಕೇಳಿ ಪಡೆಯಿರಿ. "ಮುಂದಿನ ವಾರ ಬಂದು ನೋಡೋಣ" ಅಂತ ಊರಿಗೆ ಬಂದವರು ಮುಂದಿನ ವಾರ ಪಿಜಿ, ಅಂದರೆ ತಿಂಗಳ ದುಡ್ಡಿಗೆ ಇರುವ ಖಾಸಗಿ ವಸತಿ, ಹುಡುಕುತ್ತಾರೆ. ಹುಡುಗರ ಮನೆಯವರು ಹೊರಗಿನ ವ್ಯವಸ್ಥೆಯನ್ನೇ ಲೆಕ್ಕದಲ್ಲಿಟ್ಟುಕೊಂಡು ಶಿವಮೊಗ್ಗ ಬಿಡುವುದು ಒಳ್ಳೆಯದು.

ಪಿಜಿ: ಸುಲಭ, ಆದರೆ ಕೇಳಬೇಕಾದದ್ದು ಬಹಳ

ಎಚ್‌ಎಸ್‌ಆರ್‌ನಲ್ಲಿ ಪಿಜಿಗೆ ಬರವಿಲ್ಲ. ಐಟಿ ಕಂಪನಿ, ಸ್ಟಾರ್ಟಪ್‌ಗಳ ಹುಡುಗ ಹುಡುಗಿಯರಿಗಾಗಿ ಬೀದಿ ಬೀದಿಯಲ್ಲಿ ಎದ್ದಿವೆ. ತೊಂದರೆ ಅಲ್ಲೇ ಇರುವುದು. ಅವು ಕಟ್ಟಿರುವುದು ಬೆಳಿಗ್ಗೆ ಹೋಗಿ ರಾತ್ರಿ ಬಂದು ಮಲಗುವವರಿಗೆ. ರೂಮಿನಲ್ಲಿ ಕೂತು ಕೆಲಸ ಮಾಡುವ ಜೀವವನ್ನು ಮಾಲೀಕರು ಕಲ್ಪಿಸಿಕೊಂಡೇ ಇರುವುದಿಲ್ಲ. ತೀರ್ಥಹಳ್ಳಿಯ ಒಬ್ಬ ತಾಯಿ ಮ್ಯಾನೇಜರ್ ಹತ್ತಿರ ಮಾತಾಡುವಾಗ ನಾನೂ ಜೊತೆಗಿದ್ದೆ.

"ಅಲ್ಲ ಅಣ್ಣಾ, ಹುಡುಗಿ ರಾತ್ರಿ ಹೊತ್ತು ಮಿಷನ್ ಹಾಕ್ತಾಳೆ. ಏನೂ ತೊಂದ್ರೆ ಇಲ್ಲ ಅಲ್ವಾ?"

"ಮಿಷನ್ ಟೆರೇಸಲ್ಲಿದೆ ಅಮ್ಮಾ. ವಾರಕ್ಕೆರಡು ಸಲ, ಬಕೆಟ್ ಲೆಕ್ಕ."

"ಬಟ್ಟೆ ಒಗೆಯೋದಲ್ಲ ಅಣ್ಣಾ, ಬಟ್ಟೆ ಹೊಲಿಯೋದು!"

ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಅಂದ. ಇದಕ್ಕೆ ಉತ್ತರ ಗೊತ್ತಿರಲಿ. ಮನೆಬಳಕೆಯ ಹೊಲಿಗೆ ಮಿಷನ್ ಮೋಟಾರು ಸುಮಾರು 100 ವ್ಯಾಟಿನದು, ಇಸ್ತ್ರಿ ಪೆಟ್ಟಿಗೆ 750ರಿಂದ 1000 ವ್ಯಾಟು. ರಾತ್ರಿಯಿಡೀ ಹೊಲಿದರೂ ಒಂದು ಯೂನಿಟ್ ಆಗುವುದು ಕಷ್ಟ. ಬಿಲ್ಲಿನ ಮಾತು ಬರೀ ನೆಪ; ನಿಜವಾದ ತೊಂದರೆ ಶಬ್ದದ್ದು. ಅದು ನ್ಯಾಯವಾದ ತಕರಾರೇ. ಪಕ್ಕದ ರೂಮಿನವಳಿಗೆ ಬೆಳಿಗ್ಗೆ ಶಿಫ್ಟ್ ಇರುತ್ತದೆ. ಹಾಗಾಗಿ ನೆಲ ಅಂತಸ್ತಿನ ರೂಮು, ಅಥವಾ ಊಟದ ಹಾಲಿನಲ್ಲಿ ಹತ್ತು ಗಂಟೆ ಮೇಲೆ ಕೂರಲು ಒಪ್ಪಿಗೆ ಕೇಳಿ. ಮಿಷನ್ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿದರೆ ಕೆಳಗಿನ ಮನೆಗೆ ಹೋಗುವ ದಡದಡ ಬಹಳ ಕಡಿಮೆಯಾಗುತ್ತದೆ. ಇಸ್ತ್ರಿಗೂ ಬೇರೆಯಾಗಿ ಒಪ್ಪಿಗೆ ಬೇಕು, ಏಕೆಂದರೆ ಇಂಡಕ್ಷನ್ ಒಲೆ, ಕೆಟಲ್ ಜೊತೆಗೆ ಇಸ್ತ್ರಿಯನ್ನೂ ನಿಷೇಧದ ಪಟ್ಟಿಯಲ್ಲಿ ಸೇರಿಸಿರುವ ಪಿಜಿಗಳು ಬೇಕಾದಷ್ಟಿವೆ. ಇಸ್ತ್ರಿಯಿಲ್ಲದೆ ಹೊಲಿಗೆ ಇಲ್ಲ.

ಪಿಜಿಗಳ ಗುಣಮಟ್ಟ ಅಳೆಯಲು ಒಂದು ಸರ್ಕಾರಿ ಅಳತೆಗೋಲೂ ಇದೆ. 2024ರ ಆಗಸ್ಟಿನಲ್ಲಿ ಆಗಿನ ನಗರ ಪಾಲಿಕೆ ಬಿಬಿಎಂಪಿ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸಿತು: ತಲೆಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಬಾಗಿಲಲ್ಲಿ ಓಣಿಯಲ್ಲಿ ಸಿಸಿ ಕ್ಯಾಮರಾ, 24 ಗಂಟೆ ಕಾವಲು, ಅಡುಗೆಮನೆಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ಪರವಾನಗಿ, ಬೆಂಕಿ ಸುರಕ್ಷತೆ. ಈಗ ಟೇಪು ಹಿಡಿಯಿರಿ. ಹತ್ತಡಿ ಹನ್ನೆರಡಡಿಯ ರೂಮು 120 ಚದರ ಅಡಿ. ಅದರಲ್ಲಿ ಮೂರು ಮಂಚ ಹಾಕಿದ್ದರೆ ತಲೆಗೆ 40. ಇಬ್ಬರೇ ಇದ್ದರೂ 60. ನಿಯಮ ಹೇಳುವುದು ಒಂದು, ಬೀದಿಯಲ್ಲಿರುವುದು ಒಂದು. ಆದರೆ ಮೂರು ಪಿಜಿ ನೋಡಿ ಯಾವುದು ಎಂದು ತೂಗುವಾಗ ಈ ಲೆಕ್ಕ ಕೆಲಸಕ್ಕೆ ಬರುತ್ತದೆ. ನನ್ನ ಅಭಿಪ್ರಾಯ ಖಡಕ್ಕಾಗಿದೆ: ಫ್ಯಾಷನ್ ವಿದ್ಯಾರ್ಥಿಗೆ ಮೂರು ಜನರ ಶೇರಿಂಗ್ ಬೇಡವೇ ಬೇಡ. ಮನೆಯಲ್ಲಿ ದುಡ್ಡಿನ ಕಷ್ಟವಿದ್ದರೆ ಊಟ ಇಲ್ಲದ ಇಬ್ಬರ ರೂಮು ತೆಗೆದುಕೊಳ್ಳಿ, ಮೂರು ಜನರದ್ದು ಬೇಡ.

ನೀರಿನ ಮಾತು ಬಂತು. 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗೆ ಒದ್ದಾಡಿದ್ದು ಎಲ್ಲರಿಗೂ ನೆನಪಿದೆ. ಬೋರ್‌ವೆಲ್, ಟ್ಯಾಂಕರ್ ನಂಬಿದ ಕಟ್ಟಡಗಳಲ್ಲಿ ನೀರು ಗಡಸು. ತುಂಗೆಯ ನೀರಿನಲ್ಲಿ ಬೆಳೆದ ಮಕ್ಕಳಿಗೆ ಮೊದಲು ಕೂದಲಲ್ಲಿ ಗೊತ್ತಾಗುತ್ತದೆ, ಆಮೇಲೆ ಬಣ್ಣದಲ್ಲಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಬಟ್ಟೆಗೆ ಬಣ್ಣ ಒಂದೇ ಸಮ ಹಿಡಿಯಲು ಬಿಡುವುದಿಲ್ಲ. ಟೆಕ್ಸ್‌ಟೈಲ್ ಡಿಸೈನ್ ತೆಗೆದುಕೊಂಡವರು ಡೈ ಕೆಲಸವನ್ನು ಕಾಲೇಜಿನ ಲ್ಯಾಬಿನಲ್ಲೇ ಮುಗಿಸಿಕೊಂಡರೆ ಕ್ಷೇಮ. ಪಿಜಿ ಬಚ್ಚಲಲ್ಲಿ ಇಂಡಿಗೊ ಕಲಸಿ ಟೈಲ್ಸ್ ನೀಲಿ ಮಾಡಿದರೆ ಅಡ್ವಾನ್ಸ್ ಅಲ್ಲೇ ಮುಗಿಯಿತು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಾಲ್, ರೊಟ್ಟಿ, ಪನೀರ್ ಹೆಸರಿನ ಏನೋ ಒಂದು. ಮಲೆನಾಡಿನ ಹೊಟ್ಟೆಗೆ ಒಂದು ತಿಂಗಳು ಬೇಕು. ಅಪ್ಪೆಮಿಡಿ ಕಳಿಸಿ.

ದುಡ್ಡಿನ ಕಡೆ: ಪಿಜಿಗೆ ಸಾಮಾನ್ಯವಾಗಿ ಒಂದೆರಡು ತಿಂಗಳ ಅಡ್ವಾನ್ಸ್, ಬಿಡುವಾಗ ಒಂದು ತಿಂಗಳ ನೋಟಿಸ್, "ಮೇಂಟೆನೆನ್ಸ್" ಎಂದು ಒಂದಿಷ್ಟು ಕಡಿತ. ಯಾರಾದರೂ ಜಿಎಸ್‌ಟಿ ಸೇರಿಸಿ ಕೇಳಿದರೆ ಒಂದು ಮಾತು ತಿಳಿದಿರಲಿ. 2024ರ ಜುಲೈನಿಂದ ತಿಂಗಳಿಗೆ ತಲೆಗೆ 20,000 ರೂಪಾಯಿವರೆಗಿನ, ಕನಿಷ್ಠ 90 ದಿನ ಸತತವಾಗಿ ಇರುವ ಹಾಸ್ಟೆಲ್ ಮಾದರಿಯ ವಸತಿಗೆ ಜಿಎಸ್‌ಟಿ ವಿನಾಯಿತಿ ಇದೆ.

ಚಿಕ್ಕಪ್ಪನ ಮನೆ ಇದೆಯಲ್ಲ!

ನಮ್ಮ ಕಡೆ ಈ ಮಾತು ಬಂದೇ ಬರುತ್ತದೆ. ವಿಜಯನಗರದಲ್ಲೋ ರಾಜಾಜಿನಗರದಲ್ಲೋ ಚಿಕ್ಕಪ್ಪ, ಸೋದರತ್ತೆ, ಕೊನೆಗೆ ಅಮ್ಮನ ಕಡೆಯ ಯಾರಾದರೂ ದೊಡ್ಡಮ್ಮ ಇದ್ದೇ ಇರುತ್ತಾರೆ. "ಮನೆ ಇಟ್ಕೊಂಡು ಪಿಜಿಗೆ ಯಾಕೆ ಹಾಕ್ತೀರಿ" ಎಂದು ಅವರು ಹೇಳದಿದ್ದರೆ ತಪ್ಪು, ಹೇಳಿದ ಮೇಲೆ ನಾವು ಒಲ್ಲೆ ಅಂದರೂ ತಪ್ಪು.

ದಾರಿಯ ಲೆಕ್ಕ ಮೊದಲು ಮಾಡಿ. ರಾಜಾಜಿನಗರವಾದರೆ ಹಸಿರು ಮಾರ್ಗ, ಆರ್.ವಿ. ರಸ್ತೆಯಲ್ಲಿ ಬದಲಾವಣೆ, ಸಿಲ್ಕ್ ಬೋರ್ಡಿನಲ್ಲಿ ಇಳಿದು ಆಟೊ. ವಿಜಯನಗರವಾದರೆ ನೇರಳೆಯಲ್ಲಿ ಮೆಜೆಸ್ಟಿಕ್, ಅಲ್ಲಿಂದ ಹಸಿರು, ಆಮೇಲೆ ಹಳದಿ, ಆಮೇಲೆ ಆಟೊ. ಮನೆ ಬಾಗಿಲಿಂದ ಕಾಲೇಜು ಗೇಟಿಗೆ ಒಂದೂವರೆ ಗಂಟೆ ಎಂದಿಟ್ಟುಕೊಂಡರೂ ದಿನಕ್ಕೆ ಮೂರು ಗಂಟೆ. ಕೈಯಲ್ಲಿ ಕೆಲಸ ಹಿಡಿದು ಕಲಿಯುವ ಓದಿನಲ್ಲಿ ಆ ಮೂರು ಗಂಟೆ ನಿದ್ದೆಯಿಂದಲೇ ಹೋಗುತ್ತದೆ. ಬಾಡಿಗೆ ಉಳಿದರೂ ಸಿಲ್ಕ್ ಬೋರ್ಡಿನಿಂದ ದಿನಾ ಆಟೊ, ಹೊರಗೆ ತಿನ್ನುವ ಊಟ ಸೇರಿ ಉಳಿತಾಯ ಕರಗುತ್ತಾ ಬರುತ್ತದೆ.

ದಾರಿಗಿಂತ ಸೂಕ್ಷ್ಮವಾದದ್ದು ಮನೆಯ ಲಯ. ಚಿಕ್ಕಮ್ಮ ಹತ್ತಕ್ಕೆ ದೀಪ ಆರಿಸುವವರು, ಹುಡುಗಿ ಆಗ ಕೆಲಸ ಶುರು ಮಾಡುವವಳು. ಹಾಲಿನ ನೆಲದ ತುಂಬ ಗುಂಡುಪಿನ್ನು, ದಾರದ ತುಂಡು. ಪುಟ್ಟ ಮಕ್ಕಳಿದ್ದರೆ ಕತ್ತರಿ ಇಡಲು ಜಾಗವಿಲ್ಲ. ಬೈಯುವುದಿಲ್ಲ ಅವರು, ಅದೇ ಕಷ್ಟ. ಮನೆಗೆ ನೆಂಟರು ಬಂದಾಗ ಮಿಷನ್ ಮೆಲ್ಲಗೆ ಬಾಲ್ಕನಿಗೆ ಹೋಗಿರುತ್ತದೆ. ಹುಡುಗಿ ಊರಿಗೆ ಫೋನ್ ಮಾಡಿ "ಎಲ್ಲ ಚೆನ್ನಾಗಿದೆ ಅಮ್ಮ" ಅನ್ನುತ್ತಾಳೆ, ಇನ್ನೇನು ಅಂದಾಳು.

ಹಾಗಂತ ನೆಂಟರ ಮನೆಯನ್ನು ತಳ್ಳಿಹಾಕಬೇಡಿ. ನೆಂಟರು ಬಿಟಿಎಂ, ಜಯನಗರ, ಬೊಮ್ಮನಹಳ್ಳಿ ಕಡೆ ಇದ್ದು, ಒಂದು ಪ್ರತ್ಯೇಕ ಕೋಣೆ ಅಥವಾ ಮಹಡಿ ಮೇಲೊಂದು ರೂಮು ಇದ್ದರೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ದೂರದ ನೆಂಟರನ್ನು ಲೋಕಲ್ ಗಾರ್ಡಿಯನ್ ಮಾಡಿ, ಹಬ್ಬಕ್ಕೆ, ಜ್ವರಕ್ಕೆ, ಭಾನುವಾರದ ಊಟಕ್ಕೆ ಇಟ್ಟುಕೊಳ್ಳಿ. ಒಲ್ಲೆ ಅನ್ನಲು ಕಾರಣ ಬೇಕಿದ್ದರೆ ಕಾಲೇಜಿನ ಮೇಲೆ ಹಾಕಿ: "ರಾತ್ರಿ ಪ್ರಾಜೆಕ್ಟ್ ಇರುತ್ತಂತೆ, ಹತ್ತಿರ ಇರಬೇಕಂತೆ." ಇದು ಸುಳ್ಳೂ ಅಲ್ಲ.

ಮೂವರು ಸೇರಿ ಮನೆ

ಎರಡನೇ ವರ್ಷದಿಂದ ನಾನು ಒತ್ತಿ ಹೇಳುವುದು ಇದನ್ನೇ. ಸ್ಪೆಷಲೈಜೇಶನ್ ಶುರುವಾದ ಮೇಲೆ ಒಂದೇ ಬ್ಯಾಚಿನ ಮೂವರು ಸೇರಿ ಎರಡು ಬೆಡ್‌ರೂಮಿನ ಮನೆ ಹಿಡಿದರೆ ಹಾಲು ಪೂರ್ತಿ ವರ್ಕ್‌ಶಾಪು. ಹಳೆ ಬಾಗಿಲೊಂದನ್ನು ಎರಡು ಸ್ಟ್ಯಾಂಡಿನ ಮೇಲೆ ಇಟ್ಟರೆ ನಿಂತು ಕತ್ತರಿಸುವ ಮೇಜು ರೆಡಿ. ಮಿಷನ್ನು, ಇಸ್ತ್ರಿ, ಡ್ರೆಸ್ ಫಾರ್ಮು ಮೂವರಿಗೂ ಒಂದೊಂದೇ ಸಾಕು. ಎಲ್ಲರಿಗೂ ಒಂದೇ ದಿನ ಸಬ್‌ಮಿಷನ್ನು, ಹಾಗಾಗಿ ರಾತ್ರಿ ದೀಪದ ಜಗಳ ಇಲ್ಲ. ಬೇರೆ ಬೇರೆ ಕಾಲೇಜಿನವರ ಜೊತೆ ಮನೆ ಹಿಡಿದರೆ ಈ ಅನುಕೂಲ ಅರ್ಧಕ್ಕರ್ಧ ಹೋಗುತ್ತದೆ.

ಖರ್ಚು ಹೇಗೆ? ಲೆಕ್ಕ ತಿಳಿಯಲು ಒಂದು ಅಂಕಿ ಇಟ್ಟುಕೊಳ್ಳೋಣ. ನೀವು ನೋಡುವ ಮನೆಯ ಅಂಕಿಯನ್ನು ಇದರ ಜಾಗದಲ್ಲಿ ಹಾಕಿಕೊಳ್ಳಿ. ಬಾಡಿಗೆ 36,000, ಮೂವರಿಗೆ ತಲಾ 12,000. ಅಡುಗೆಯವರು, ಗ್ಯಾಸು, ದಿನಸಿ, ಇಂಟರ್ನೆಟ್ಟು, ಮೇಂಟೆನೆನ್ಸ್ ಸೇರಿ ತಲಾ ಇನ್ನೊಂದು 5,000. ಒಟ್ಟು 17,000. ಊಟ ಸೇರಿದ ಇಬ್ಬರ ಪಿಜಿ 13,000 ಎಂದಿದ್ದರೆ ತಿಂಗಳಿಗೆ 4,000 ಹೆಚ್ಚು. ಆ ನಾಲ್ಕು ಸಾವಿರಕ್ಕೆ ಸಿಗುವುದು ಏಳಡಿ ಮೇಜು ಮತ್ತು ರಾತ್ರಿ. ನನಗೆ ಅದು ದುಬಾರಿ ಅನ್ನಿಸುವುದಿಲ್ಲ.

ಕಷ್ಟ ಇರುವುದು ತಿಂಗಳ ಬಾಡಿಗೆಯಲ್ಲಲ್ಲ, ಅಡ್ವಾನ್ಸಿನಲ್ಲಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ರೂಢಿ ಹಳೆಯದು. ಈಗ ಮಾತಾಡಿದರೆ ಆರಕ್ಕೂ ಅದಕ್ಕಿಂತ ಕೆಳಗೂ ಇಳಿಯುವವರಿದ್ದಾರೆ. ಆರು ತಿಂಗಳೆಂದರೂ ಮೇಲಿನ ಲೆಕ್ಕದಲ್ಲಿ 2,16,000, ತಲಾ 72,000. ಇದು ಬೇಕಾಗುವುದು ಯಾವಾಗ? ಜುಲೈ, ಆಗಸ್ಟಿನಲ್ಲಿ. ಅಡಿಕೆ ಮನೆಗಳಿಗೆ ಇದಕ್ಕಿಂತ ಕೆಟ್ಟ ತಿಂಗಳಿಲ್ಲ. ಹಳೆ ಅಡಿಕೆ ಮಾರಿ ಮುಗಿದಿರುತ್ತದೆ, ಹೊಸ ಕೊಯ್ಲಿಗೆ ಇನ್ನೂ ತಿಂಗಳುಗಳಿವೆ, ಮೇಲಿಂದ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಸುವ ಖರ್ಚು. ನೌಕರಿಯವರು ಇದನ್ನು ಯೋಚಿಸುವುದೇ ಇಲ್ಲ. ಅಡಿಕೆಯವರಿಗೆ ನನ್ನ ಸಲಹೆ: ಮೊದಲ ವರ್ಷ ಹಾಸ್ಟೆಲ್ ಅಥವಾ ಪಿಜಿ, ಮನೆ ಹುಡುಕುವುದನ್ನು ಕೊಯ್ಲು ಮುಗಿದ ಮೇಲೆ, ಜನವರಿ ಹೊತ್ತಿಗೆ ಶುರು ಮಾಡಿ. ಅಡಿಕೆ ದುಡ್ಡು ಕೈಗೆ ಬಂದಾಗ ಅಡ್ವಾನ್ಸಿಗೆಂದು ಒಂದು ಪಾಲು ತೆಗೆದಿಡಿ. ಸೊಸೈಟಿಯಲ್ಲಿ ಬಡ್ಡಿಗೆ ಮುಂಗಡ ತೆಗೆದು ಬೆಂಗಳೂರಿನ ಮಾಲೀಕರ ಹತ್ತಿರ ಬಡ್ಡಿಯಿಲ್ಲದೆ ಇಡುವುದು ನನಗೆ ಒಪ್ಪಿಗೆಯಾಗದ ವ್ಯವಹಾರ. ಬಾಡಿಗೆಯೇ ಇಲ್ಲದ ಲೀಸ್ ಮನೆಯ ಆಸೆಗೆ ಹತ್ತಾರು ಲಕ್ಷ ಕೊಡುವುದಂತೂ ವಿದ್ಯಾರ್ಥಿಗಳ ವಿಷಯವೇ ಅಲ್ಲ.

ಕರಾರು ಹನ್ನೊಂದು ತಿಂಗಳಿಗೆ ಆಗುತ್ತದೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗೇಣಿ ಕರಾರಿಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ, ಅದನ್ನು ತಪ್ಪಿಸಲು ಈ ಹನ್ನೊಂದು. ಓದಿ ನೋಡಬೇಕಾದ ಸಾಲು ಮೂರೇ: ಬಿಡುವಾಗ ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ (ಒಂದು ತಿಂಗಳ ಬಾಡಿಗೆ ಹಿಡಿಯುವುದು ಅಲ್ಲಿ ಮಾಮೂಲು), ನವೀಕರಿಸುವಾಗ ಬಾಡಿಗೆ ಎಷ್ಟು ಏರುತ್ತದೆ, ಮೂವರಲ್ಲಿ ಒಬ್ಬಳು ಮಧ್ಯದಲ್ಲಿ ಬಿಟ್ಟರೆ ಹೊಸಬರನ್ನು ಸೇರಿಸಿಕೊಳ್ಳಬಹುದೇ. ಮೂರನೆಯದು ಇವರಿಗೆ ಬಹಳ ಮುಖ್ಯ. ನಾಲ್ಕನೇ ವರ್ಷದ ಕೊನೆಯ ಸೆಮಿಸ್ಟರಿನಲ್ಲಿ ಪದವಿ ಪ್ರಾಜೆಕ್ಟಿಗಾಗಿ ತಿರುಪ್ಪೂರು, ದೆಹಲಿ ಅಂತ ಮಕ್ಕಳು ಚದುರುತ್ತಾರೆ. ಆಗ ಉಳಿದವಳ ತಲೆ ಮೇಲೆ ಇಡೀ ಬಾಡಿಗೆ ಬೀಳಬಾರದು. ಮನೆಗೆ ಪ್ರತ್ಯೇಕ ಮೀಟರ್ ಇದ್ದರೆ ಉಚಿತ ವಿದ್ಯುತ್ತಿನ ಗೃಹಜ್ಯೋತಿಗೆ ಬಾಡಿಗೆದಾರರೂ ಅರ್ಜಿ ಹಾಕಬಹುದು ಎಂಬುದೂ ನೆನಪಿರಲಿ.

"ಬ್ಯಾಚುಲರ್ಸ್‌ಗೆ ಕೊಡಲ್ಲ, ಫ್ಯಾಮಿಲಿಗೆ ಮಾತ್ರ" ಎಂಬ ಬೋರ್ಡು ಎಲ್ಲ ಕಡೆ ಕಾಣುತ್ತದೆ. ಅಪ್ಪ ಅಮ್ಮ ಒಂದು ಸಲ ಖುದ್ದಾಗಿ ಹೋಗಿ ಮಾಲೀಕರ ಮನೆಯಲ್ಲಿ ಕಾಫಿ ಕುಡಿದು ಬಂದರೆ ಅರ್ಧ ಬಾಗಿಲು ತೆರೆಯುತ್ತದೆ. ಮಾಲೀಕರು ಕನ್ನಡದವರಾಗಿದ್ದು, ಶಿವಮೊಗ್ಗ ಅಂದಾಗ "ಓ, ಜೋಗದ ಹತ್ತಿರ ಅಲ್ವಾ" ಅಂದರೆ ಉಳಿದರ್ಧವೂ ತೆರೆಯಿತು ಎಂದುಕೊಳ್ಳಿ.

ಸಮುದಾಯದ ಹಾಸ್ಟೆಲ್, ಸರ್ಕಾರಿ ಹಾಸ್ಟೆಲ್

ನಮ್ಮ ಕಡೆಯ ಹೆಚ್ಚಿನ ಸಮುದಾಯಗಳಿಗೆ ಬೆಂಗಳೂರಿನಲ್ಲಿ ಸಂಘವಿದೆ, ಹಲವಕ್ಕೆ ವಿದ್ಯಾರ್ಥಿ ನಿಲಯವೂ ಇದೆ. ಖರ್ಚು ಕಡಿಮೆ, ಊಟ ನಮ್ಮದು, ಮನೆಯವರಿಗೆ ನೆಮ್ಮದಿ. ಆದರೆ ಹೆಚ್ಚಿನವು ಹಳೆ ಬೆಂಗಳೂರಿನ ಕಡೆಗಿವೆ, ರಾತ್ರಿ ಗೇಟಿನ ನಿಯಮ ಬಿಗಿ. ಹಿಂದುಳಿದ ವರ್ಗ, ಪರಿಶಿಷ್ಟರಿಗೆ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಊಟ ವಸತಿಗಾಗಿ ವಿದ್ಯಾಸಿರಿ ಯೋಜನೆ ಇದೆ. ಜಾತಿ, ಆದಾಯ ಪ್ರಮಾಣಪತ್ರ ಊರಿನಲ್ಲೇ ಹೊಸದಾಗಿ ಮಾಡಿಸಿಕೊಂಡು ಹೋಗಿ. ಅಲ್ಲಿಂದ ನಾಡಕಚೇರಿಗೆ ಓಡಿ ಬರುವುದು ಆಗದ ಕೆಲಸ. ಮನೆಯಲ್ಲಿ ನಿಜವಾಗಿ ಕೈ ಬಿಗಿ ಇದ್ದರೆ ದೂರವನ್ನು ಸಹಿಸಿಯಾದರೂ ಇವನ್ನು ಮೊದಲು ನೋಡಿ.

ಯಾವ ಬೀದಿ?

27ನೇ ಮೇನ್ ಅಕ್ಕಪಕ್ಕ ಕೆಫೆ, ಪಬ್ಬು, ಸ್ಟಾರ್ಟಪ್ ಆಫೀಸು. ನಡಿಗೆಯ ದೂರ ಎಂಬ ಒಂದೇ ಗುಣಕ್ಕೆ ಬಾಡಿಗೆ ತಲೆ ಮೇಲೆ ಕೂತಿದೆ. ನನಗೆ ಇಷ್ಟವಾಗುವುದು ಬಡಾವಣೆಯೊಳಗೆ ಸಿಕ್ಕಿಕೊಂಡಿರುವ, ಅಂಚಿನಲ್ಲಿ ಉಳಿದಿರುವ ಹಳೆ ಹಳ್ಳಿಗಳು: ಅಗರ, ಪರಂಗಿಪಾಳ್ಯ, ಸೋಮಸುಂದರಪಾಳ್ಯ, ಮಂಗಮ್ಮನಪಾಳ್ಯ. ಓಣಿ ಕಿರಿದು, ಗಾಳಿ ಬೆಳಕು ಕಡಿಮೆ, ಆದರೆ ಬಾಡಿಗೆ ಇಳಿಯುತ್ತದೆ, ಮಾಲೀಕರು ಮೇಲಿನ ಮಹಡಿಯಲ್ಲೇ ಇರುತ್ತಾರೆ. ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ ಕಾರ್ಖಾನೆಗಳಿರುವುದರಿಂದ ಮಿಷನ್ ರಿಪೇರಿಯವರು, ದಾರ, ಸೂಜಿ, ಬಾಬಿನ್ ಸಿಗುವ ಚಿಕ್ಕ ಅಂಗಡಿಗಳು ಸುತ್ತಮುತ್ತ ಇವೆ. ನಮ್ಮ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕೂತು ಮಿಷನ್ ಸರಿಮಾಡಿಕೊಡುವವರಂಥ ಒಬ್ಬರನ್ನು ಪರಿಚಯ ಮಾಡಿಕೊಂಡರೆ ಸಬ್‌ಮಿಷನ್ ವಾರದಲ್ಲಿ ದೇವರು ಸಿಕ್ಕ ಹಾಗೆ.

ಬಿಟಿಎಂ ಅಗ್ಗ, ಆದರೆ ಸಿಲ್ಕ್ ಬೋರ್ಡ್ ದಾಟಬೇಕು. ಜಯನಗರ ನಮ್ಮವರಿಗೆ ಹೊಂದುವ ಊರು. ದೂರ ಹೌದು, ಬಟ್ಟೆ ಅಂಗಡಿಗಳು ಹತ್ತಿರ, ಚಿಕ್ಕಪೇಟೆಗೆ ಹಸಿರು ಮಾರ್ಗದಲ್ಲಿ ನೇರ. ಹುಡುಗಿಯರಿಗೆ ಇನ್ನೊಂದು ಅನುಕೂಲ: 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ, ಊರಿಗೆ ಬರುವ ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸಿಗೂ ಇಲ್ಲ, ರಾಜಹಂಸ, ಐರಾವತ, ಸ್ಲೀಪರ್‌ಗೆ ಮಾತ್ರ ದುಡ್ಡು. ಹಾಗಾಗಿ ದೂರದ ಮನೆಯ ಓಡಾಟದ ಲೆಕ್ಕ ಹುಡುಗಿಗೂ ಹುಡುಗನಿಗೂ ಒಂದೇ ಬರುವುದಿಲ್ಲ. ಹುಡುಗನಾದರೆ ಬಸ್ ಪಾಸಿನ ಖರ್ಚನ್ನು ಬಾಡಿಗೆಗೆ ಸೇರಿಸಿಯೇ ತೂಗಿ.

ನನ್ನ ಕ್ರಮ ಕೇಳಿದರೆ: ಹುಡುಗಿಗೆ ಮೊದಲ ವರ್ಷ ಕ್ಯಾಂಪಸ್ ಹಾಸ್ಟೆಲ್, ಸಿಗದಿದ್ದರೆ ನಡಿಗೆಯ ದೂರದ ಇಬ್ಬರ ಪಿಜಿ, ಎರಡನೇ ವರ್ಷದಿಂದ ಹಳೆ ಹಳ್ಳಿಯೊಂದರಲ್ಲಿ ಬ್ಯಾಚಿನವರ ಜೊತೆ ಮನೆ. ಹುಡುಗನಿಗೆ ಮೊದಲ ಸೆಮಿಸ್ಟರ್ ಪಿಜಿ, ಗೆಳೆಯರಾದ ಕೂಡಲೇ ಮನೆ. ಕಾಲೇಜು ಶುರುವಾಗುವ ಮೊದಲೇ ಮುಖ ನೋಡದವರ ಜೊತೆ ಮನೆ ಹಿಡಿಯುವುದನ್ನು ಯಾರಿಗೂ ಹೇಳುವುದಿಲ್ಲ.

ನೋಡಲು ಭಾನುವಾರ ಮಧ್ಯಾಹ್ನ ಹೋಗಬೇಡಿ. ಆಗ ಎಲ್ಲ ಪಿಜಿಯೂ ಚೊಕ್ಕ, ಎಲ್ಲ ರಸ್ತೆಯೂ ಖಾಲಿ. ವಾರದ ದಿನ ರಾತ್ರಿ ಎಂಟು, ಒಂಬತ್ತಕ್ಕೆ ಹೋಗಿ. ಬೀದಿ ದೀಪ ನೋಡಿ, ನಲ್ಲಿ ತಿರುಗಿಸಿ, ಮ್ಯಾನೇಜರ್ ಬಿಟ್ಟು ಮೆಟ್ಟಿಲ ಮೇಲೆ ಸಿಕ್ಕ ಹುಡುಗಿಯನ್ನು ಕೇಳಿ, "ಏನಮ್ಮಾ, ಇಲ್ಲಿ ಅಡ್ವಾನ್ಸ್ ಸರಿಯಾಗಿ ವಾಪಸ್ ಕೊಡ್ತಾರಾ?" ಫೋಟೊ ನೋಡಿ ಆನ್‌ಲೈನಿನಲ್ಲಿ ಟೋಕನ್ ದುಡ್ಡು ಕಳಿಸಬೇಡಿ, ಮನೆಯಾದರೆ ಬೆಸ್ಕಾಂ ಬಿಲ್ಲಿನಲ್ಲೋ ತೆರಿಗೆ ರಸೀದಿಯಲ್ಲೋ ಇರುವ ಹೆಸರನ್ನು ಮಾತಾಡುತ್ತಿರುವವರ ಹೆಸರಿನ ಜೊತೆ ತಾಳೆ ನೋಡಿ. ಕೊನೆಗೆ ಬಾಯಲ್ಲಿ ಒಪ್ಪಿಕೊಂಡಿದ್ದನ್ನೆಲ್ಲ ಅಲ್ಲೇ ನಿಂತು ಅವರ ವಾಟ್ಸಾಪಿಗೆ ಕನ್ನಡದಲ್ಲೇ ಕಳಿಸಿ: ಹೊಲಿಗೆ ಮಿಷನ್, ಇಸ್ತ್ರಿಗೆ ಒಪ್ಪಿಗೆ; ರಾತ್ರಿ ಇಷ್ಟು ಗಂಟೆವರೆಗೆ ಹಾಲಿನಲ್ಲಿ ಕೂರಬಹುದು; ಅಡ್ವಾನ್ಸ್ ಇಷ್ಟು, ಬಿಡುವಾಗ ಕಡಿತ ಇಷ್ಟು, ನೋಟಿಸ್ ಇಷ್ಟು ದಿನ. ಅವರು "ಸರಿ" ಎಂದು ಉತ್ತರ ಹಾಕಿದ ಮೇಲೆ ದುಡ್ಡು ಕಳಿಸಿ.